ಪಕ್ಷಗಳ ಪ್ರಮಾಣವೂ ಆಚರಣೆಯೂ

1948ನೆಯ ಇಸವಿ ಏಪ್ರಿಲ್ 3ರಂದು ನಮ್ಮ ರಾಜ್ಯಾಂಗ ಸಭೆಯು ಶಾಸನ ಸಭೆಯಾಗಿ ಕುಳಿತು, ಶ್ರೀ ಅನಂತಶಯನಂ ಅಯ್ಯಂಗಾರ್ಯರು ತಂದ ನಿರ್ಣಯವೊಂದನ್ನು ಅಂಗೀಕರಿಸಿತು. ಮತ, ಜಾತಿ, ಕುಲಗಳ ಕಾರಣದಿಂದ ಇತರರನ್ನು ಹೊರಗಿಡುವ ಯಾವ ಸಂಸ್ಥೆಯೂ ತನ್ನವರ ಧಾರ್ಮಿಕ, ಸಾಂಸ್ಕೃತಿಕ, ಸಾಮಾಜಿಕ, ವಿದ್ಯಾವಿಷಯಕವಾದ ಅಗತ್ಯಗಳನ್ನು ಮೀರಿ ರಾಜಕೀಯಕ್ಕೆ ಕೈಯಿಕ್ಕಕೂಡದೆಂಬುದೇ ಅದರ ತಾತ್ಪರ್ಯವು. ಮಹಾತ್ಮರು ಮತಾಂಧನ ಗುಂಡಿಗೆ ಬಲಿಯಾಗಿ ಆಗ ಎರಡು ತಿಂಗಳು ಕಳೆದಿದ್ದುವಷ್ಟೆ. ನಿರ್ಣಯವೇನೋ ಆಯಿತು, ಅಂಥ ಸಂಸ್ಥೆಗಳನ್ನೇ ತಡೆಯತಕ್ಕ ಶಾಸನವು ಮಾತ್ರ ಇಂದಿಗೂ ಹುಟ್ಟಲಿಲ್ಲ.

ರಾಜ್ಯಾಂಗವು ಏನನ್ನೂ ಮಾಡಲಿಲ್ಲವೆಂದು ನಾವು ಹೇಳುವವರಲ್ಲ. 1909ರ ಮಾರ್ಲೆ-ಮಿಂಟೋ ಸುಧಾರಣೆಗಳು ಬಿತ್ತಿದ ಪ್ರತ್ಯೇಕ ಚುನಾವಣಾ ಪದ್ಧತಿಗೆ 325ನೆಯ ಅನುಚ್ಛೇದವು ಎಡೆಗೊಡಲಿಲ್ಲ. ಕ್ಷೇತ್ರಕ್ಕೆ ಒಂದೇ ಮತದಾರರ ಪಟ್ಟಿಯೆಂದು ಗೊತ್ತುಮಾಡಿತು. 1951ರ ಪ್ರಜಾಪ್ರಾತಿನಿಧ್ಯ ಶಾಸನದ 123ನೆಯ ಕಲಮು ಮತದ ಹೆಸರಿನಲ್ಲಿ ಓಟು ಕೇಳುವುದನ್ನು ಭ್ರಷ್ಟಾಚರಣೆಯೆಂದಿತು. (ಧರ್ಮಕ್ಕೂ ಓಟಿಗೂ ಕನ್ನಡದಲ್ಲಿ 'ಮತ'ವೆಂಬ ಒಂದೇ ಮಾತು ಒದಗಿರುವುದು ದುರದೃಷ್ಟವೋ ಭವಿಷ್ಯವಾಣಿಯೋ ತಿಳಿಯದು.) 1994ರಲ್ಲಿ, ನಮ್ಮ ನಾಡಿನವರೇ ಆದ ಶ್ರೀ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ, ಧರ್ಮನಿರಪೇಕ್ಷತೆಯು ರಾಜ್ಯಾಂಗದ ಮೂಲಲಕ್ಷಣವೆಂದು ಸರ್ವೋಚ್ಚ ನ್ಯಾಯಾಸ್ಥಾನವು ಸಾರಿತು.

ಆದರೆ 123ನೆಯ ಕಲಮು ಹಿಡಿಯುವುದು ಅಭ್ಯರ್ಥಿಯನ್ನು, ಅವನನ್ನು ಕಳುಹಿಸಿದ ಪಕ್ಷವನ್ನಲ್ಲ. 1988ರ ತಿದ್ದುಪಡಿಯಂತೆ ಪ್ರತಿ ಪಕ್ಷವೂ ಧರ್ಮನಿರಪೇಕ್ಷತೆಗೆ ನಿಷ್ಠೆಯನ್ನು ಬರೆದುಕೊಟ್ಟೇ ನೋಂದಣಿ ಪಡೆಯಬೇಕು. ಬರೆದುಕೊಟ್ಟದ್ದನ್ನು ಮರುದಿನವೇ ಮುರಿದರೆ? ಮೋಸದಿಂದ ನೋಂದಣಿ ಪಡೆದಂಥ ಕೆಲವು ಸಂದರ್ಭಗಳ ಹೊರತು ಅದನ್ನು ರದ್ದುಪಡಿಸುವ ಅಧಿಕಾರವು ಚುನಾವಣಾ ಆಯೋಗಕ್ಕಿಲ್ಲವೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಸ್ಥಾನವೇ ತೀರ್ಪಿತ್ತಿತು. ಬಾಗಿಲಲ್ಲಿ ಆಣೆಯಿಡಿಸಿಕೊಂಡು, ಒಳಹೊಕ್ಕವನು ಮನೆಗೆ ಕಿಚ್ಚಿಟ್ಟರೂ ಕೈಕಟ್ಟಿ ನಿಲ್ಲಬೇಕಾದ ಕಾವಲುಗಾರನ ಪಾಡು ಇದು. ಮತವನ್ನು ರಾಜಕೀಯದಿಂದ ಬೇರ್ಪಡಿಸಲೆಂದು 1993ರಲ್ಲಿ ತಂದ 80ನೆಯ ತಿದ್ದುಪಡಿಯ ಮಸೂದೆಯೂ ಅಂಗೀಕಾರವಾಗದೆ ಬಿದ್ದುಹೋಯಿತು.

ಇಂಥ ಅಧಿಕಾರವನ್ನು ಸರಕಾರದ ಕೈಗೆ ಕೊಟ್ಟರೆ, ಆಳುವ ಪಕ್ಷವು ತನಗಾಗದವರನ್ನೆಲ್ಲ ಮತಾಂಧರೆಂದು ಕರೆದು ಬಾಯಿ ಕಟ್ಟೀತೆಂಬ ಆಕ್ಷೇಪಣೆಯುಂಟು. ಅದು ನ್ಯಾಯವಾದ ಭಯವೇ ಸರಿ, ನಮಗೂ ಇದೆ. ಜರ್ಮನರು 1949ರ ತಮ್ಮ ಮೂಲಶಾಸನದಲ್ಲಿ ಪಕ್ಷವನ್ನು ನಿಷೇಧಿಸುವ ಅಧಿಕಾರವನ್ನು ಮಂತ್ರಿಗಳಿಗೆ ಕೊಡದೆ ರಾಜ್ಯಾಂಗ ನ್ಯಾಯಾಸ್ಥಾನಕ್ಕೇ ಮೀಸಲಿಟ್ಟರು. ಇಷ್ಟು ಕಾಲದಲ್ಲಿ ಆ ನ್ಯಾಯಾಸ್ಥಾನವು ಮುಚ್ಚಿಸಿದ್ದು ಎರಡೇ ಪಕ್ಷಗಳನ್ನು, 1952ರಲ್ಲೊಂದು, 1956ರಲ್ಲೊಂದು. ನಮ್ಮಲ್ಲಿಯೂ ಆಯೋಗವು ದೂರು ಕೊಡಲಿ, ಸರ್ವೋಚ್ಚ ನ್ಯಾಯಾಸ್ಥಾನವು ಬಹಿರಂಗವಾಗಿ ಸಾಕ್ಷ್ಯ ಕೇಳಿ ತೀರ್ಮಾನಿಸಲಿ. ಮಂತ್ರಿಗಳು ನಡುವೆ ಬರುವುದು ಬೇಡ. ಕನ್ನಡ ನಾಡಿನಿಂದ ಲೋಕಸಭೆಗೆ ಹೋಗುವ 28 ಮಂದಿಯಲ್ಲಿ ಯಾರಾದರೊಬ್ಬರು ಇದನ್ನು ಖಾಸಗಿ ಮಸೂದೆಯಾಗಿಯಾದರೂ ಮಂಡಿಸಿ, ಯಾವ ಪಕ್ಷದವರು ಕೈಯೆತ್ತುವರೋ ಯಾವ ಪಕ್ಷದವರು ಎತ್ತರೋ ನಮ್ಮ ಮತದಾರರಿಗೆ ತೋರಿಸಿಕೊಡಲೆಂದು ಕೇಳುತ್ತೇವೆ.