ಗಿಡಕ್ಕೆ ಕ್ಲೋರಿನ್ ಭಯ ಬೇಡ, ತೆರೆದ ಡ್ರಮ್ಮಿನ ಭಯ ಇರಲಿ

ನಮ್ಮ ಇಕೋ ಕ್ಲಬ್‌ನಲ್ಲಿ ಈ ವರ್ಷ ಹೊಸ ನಿಯಮ ಬಂದಿದೆ. ನಲ್ಲಿ ನೀರನ್ನು ನೇರವಾಗಿ ಗಿಡಗಳಿಗೆ ಹಾಕಬಾರದು. ಡ್ರಮ್‌ಗಳಲ್ಲಿ ತುಂಬಿಸಿ, ಮುಚ್ಚಳ ತೆಗೆದು ಒಂದು ದಿನ ಇಡಬೇಕು. ಕ್ಲೋರಿನ್ ಹೋದ ಮೇಲೆ ಹಾಕಬೇಕು. ವಿಡಿಯೋ ನೋಡಿದ ಕೆಲವರು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಬೆರೆಸೋಣ ಎನ್ನುತ್ತಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೂ ಈ ನಿಯಮವನ್ನು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಲೆಕ್ಕ ನೋಡೋಣ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು, 1 ಮಿಲಿಗ್ರಾಂ ಮೀರಬಾರದು. ಅಂದರೆ 10 ಲೀಟರಿನ ಬಕೆಟ್‌ನಲ್ಲಿ ಹೆಚ್ಚೆಂದರೆ 10 ಮಿಲಿಗ್ರಾಂ. ಅದು ಮಣ್ಣಿಗೆ ಬಿದ್ದ ಕೂಡಲೇ ಮೇಲ್ಪದರದ ಸಾವಯವ ಪದಾರ್ಥದೊಡನೆ ವರ್ತಿಸಿ ಕ್ಲೋರೈಡ್ ಆಗುತ್ತದೆ. ಕ್ಲೋರೈಡ್ ಗಿಡಕ್ಕೆ ಅಲ್ಪ ಪ್ರಮಾಣದಲ್ಲಿ ಬೇಕಾದ ಪೋಷಕಾಂಶವೇ. ಮೇಲ್ಪದರದ ಕೆಲವು ಸೂಕ್ಷ್ಮಜೀವಿಗಳು ಸತ್ತರೂ ಬೇಗನೆ ಮತ್ತೆ ಹೆಚ್ಚುತ್ತವೆ.

ವಿಟಮಿನ್ ಸಿ ಕ್ಲೋರಿನ್ ತೆಗೆಯುವುದು ನಿಜ. ಆದರೆ ಅದರ ಮಾತು ಹೆಚ್ಚಾಗಿ ಬರುವುದು ಅಮೆರಿಕದಿಂದ. ಅಲ್ಲಿನ ಅನೇಕ ನಗರಗಳಲ್ಲಿ ನೀರಿಗೆ ಕ್ಲೋರಮೈನ್ ಬೆರೆಸುತ್ತಾರೆ. ಅದು ಒಂದು ದಿನ ತೆರೆದಿಟ್ಟರೆ ಹೋಗುವುದಿಲ್ಲ. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಬ್ಲೀಚಿಂಗ್ ಪೌಡರ್ ಅಥವಾ ಕ್ಲೋರಿನ್ ಅನಿಲ. ಮಾತ್ರೆಗೆ ಹಣ ಹಾಕುವ ಅಗತ್ಯವೇನು?

ಇನ್ನು ಡ್ರಮ್‌ಗಳ ವಿಷಯ. ಒಂದು ದಿನ ಇಟ್ಟು ಖಾಲಿ ಮಾಡಿದರೆ ತೊಂದರೆ ಇಲ್ಲ. ಆದರೆ ಶನಿವಾರ ತುಂಬಿಸಿದ ಡ್ರಮ್ಮನ್ನು ಭಾನುವಾರ ಯಾರು ಖಾಲಿ ಮಾಡುತ್ತಾರೆ? ಪರೀಕ್ಷೆ, ರಜೆಯ ದಿನಗಳಲ್ಲಿ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಶುದ್ಧ, ನಿಂತ ನೀರನ್ನೇ ಹುಡುಕುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ವಿಧಿಸಿತು. ಗುಲಾಬಿ ಗಿಡಕ್ಕೆ ಇಲ್ಲದ ಅಪಾಯವನ್ನು ತಪ್ಪಿಸಲು ಹೋಗಿ ಹಾಸ್ಟೆಲಿನ ಗೆಳೆಯರಿಗೆ ಜ್ವರ ತರಿಸುವುದು ಯಾವ ಪರಿಸರ ಪ್ರೇಮ?

ನೀರು ತೆರೆದಿಡಬೇಕಾದ ಸಂದರ್ಭಗಳೂ ಇವೆ. ಜೀವಶಾಸ್ತ್ರ ಪ್ರಯೋಗಾಲಯದ ಮೀನಿನ ತೊಟ್ಟಿಗೆ ಕ್ಲೋರಿನ್ ಇರುವ ನೀರು ಹಾಕಬಾರದು. ಮೀನಿನ ಕಿವಿರುಗಳಿಗೆ ಅದು ವಿಷ. ಜೀವಾಮೃತ ತಯಾರಿಸುವಾಗಲೂ ಒಂದು ದಿನ ಇಟ್ಟ ನೀರು ಒಳ್ಳೆಯದು. ಅಲ್ಲಿ ಬೆಳೆಸುವುದೇ ಸೂಕ್ಷ್ಮಜೀವಿಗಳನ್ನು. ಸಂಪ್ ತೊಳೆದು ಹೆಚ್ಚು ಬ್ಲೀಚಿಂಗ್ ಪೌಡರ್ ಹಾಕಿದ ದಿನ ಗಿಡಗಳಿಗೆ ಆ ನೀರು ಬೇಡ. ಇವಕ್ಕೆ ಒಂದೆರಡು ಬಕೆಟ್ ಸಾಕು, ಬಾಯಿಗೆ ತೆಳು ಬಟ್ಟೆ ಕಟ್ಟಿರಲಿ.

ಕ್ಲಬ್‌ನ ಉತ್ಸಾಹಕ್ಕೆ ಇನ್ನೊಂದು ಕೆಲಸ ಇದೆ. ನಮಾಝ್ ಕೊಠಡಿಯ ಪಕ್ಕದ ವುಝೂ ನಲ್ಲಿಗಳ ನೀರು ದಿನವೂ ಚರಂಡಿಗೆ ಹೋಗುತ್ತಿದೆ. ಸಾಬೂನು ಇಲ್ಲದ ಈ ನೀರನ್ನು ಒಂದು ಪೈಪ್ ಹಾಕಿ ತೋಟದ ಪಾತಿಗಳಿಗೆ ಹರಿಸಬಹುದು. ಪ್ರಾಂಶುಪಾಲರು ಅನುಮತಿ ಕೊಟ್ಟರೆ ಡ್ರಮ್‌ಗಳೂ ಬೇಡ, ನೀರೂ ಉಳಿಯುತ್ತದೆ. ಮುಂದಿನ ಸಭೆಯಲ್ಲಿ ನಾನು ಈ ಪ್ರಸ್ತಾಪ ಇಡುತ್ತೇನೆ. ಒಪ್ಪದವರು ದಯವಿಟ್ಟು ಬಂದು ವಾದಿಸಿ.