ಕುಂಡದ ಗಿಡಕ್ಕೆ ಔಷಧಿ ಹೊಡೆಯುವ ಮುಂಚೆ ಮಣ್ಣು ಮುಟ್ಟಿ ನೋಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳ ಪಡಸಾಲೆಗೂ ಈಗ ಮನಿ ಪ್ಲಾಂಟ್, ಅರೆಕಾ ಪಾಮ್, ಕ್ರೋಟನ್ ಬಂದಿವೆ. ತಂದ ತಿಂಗಳೊಪ್ಪತ್ತಿನಲ್ಲೇ ಎಲೆ ಜೋತು ಬೀಳುತ್ತದೆ, ತುದಿ ಒಣಗುತ್ತದೆ. ಆಗ ನಾವು ಮಾಡುವುದು ಎರಡೇ ಕೆಲಸ: ಇನ್ನೊಂದು ತಂಬಿಗೆ ನೀರು ಸುರಿಯುವುದು, ಇಲ್ಲವೇ ಹತ್ತಿಗೆ ತಂದು ಉಳಿದ ಔಷಧಿ ಹೊಡೆಯುವುದು. ಮೊದಲನೆಯದು ಗಿಡಕ್ಕೆ ಕುತ್ತು, ಎರಡನೆಯದು ಮನೆಮಂದಿಗೆ.

ಬಾಡಿದ ಗಿಡವೆಲ್ಲ ನೀರಡಿಸಿದ ಗಿಡವಲ್ಲ. ಬೇರಿಗೆ ಗಾಳಿಯೂ ಬೇಕು. ನಮ್ಮ ಎರೆ ಮಣ್ಣು ಹೊಲದಲ್ಲಿ ಬಂಗಾರ. ಹಸಿ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ, ಕಡಲೆ ಬೆಳೆದು ಕೊಡುತ್ತದೆ. ಅದೇ ಮಣ್ಣನ್ನು ಪ್ಲಾಸ್ಟಿಕ್ ಕುಂಡಕ್ಕೆ ತುಂಬಿ ದಿನಾ ನೀರು ಹಾಕಿದರೆ ಉಬ್ಬಿ, ಗಾಳಿಯಾಡದಂತೆ ಕಟ್ಟಿಕೊಳ್ಳುತ್ತದೆ. ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಹಾಗಾಗಿ ಕುಂಡ ಹಸಿಯಿದ್ದರೂ ಎಲೆ ಬಾಡುತ್ತದೆ. ಮಲಪ್ರಭಾ ಕಾಲುವೆ ಕೆಳಗೆ ನೀರು ಬಸಿಯದೆ ಸವಳು-ಜವಳಾದ ಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಗೆಣ್ಣು ಬೆರಳು ಮಣ್ಣಿಗೆ ಇಳಿಸಿ ನೋಡಿ. ಹಸಿ ಇದ್ದರೆ ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮಣ್ಣು ನಾರುತ್ತಿದ್ದರೆ ಗಿಡ ಕಿತ್ತು, ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ, ಕೆಂಪು ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಸಮನಾಗಿ ಬೆರೆಸಿ ಮತ್ತೆ ನೆಡಿ. ಕಿತ್ತೂರಿನ ಮಳೆಗಾಲದ ಲೆಕ್ಕ ರಾಮದುರ್ಗದ ಬೇಸಿಗೆಗೆ ಹೊಂದುವುದಿಲ್ಲ. ವಾರ ಎಣಿಸಿ ನೀರು ಹಾಕುವುದು ಬಿಡಿ.

ಎಲೆಯ ತುದಿ ಮಾತ್ರ ಕಂದಾಗಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಕೊಳವೆಬಾವಿ ನೀರಿನ ಉಪ್ಪಿನ ಮೇಲೆ ಅನುಮಾನ ಪಡಿ. ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಬೀಳುವ ನೀರು ದಂಡವಾಗದಿರಲಿ ಎಂದು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಉಪ್ಪು ಇನ್ನೂ ಹೆಚ್ಚು. ಅದರಿಂದ ಅಂಗಳ ತೊಳೆಯಿರಿ, ಗಿಡಕ್ಕೆ ಮಳೆನೀರು ಹಿಡಿದಿಡಿ.

ಎಲೆಯಡಿ ಹತ್ತಿಯಂಥ ಹಿಟ್ಟು ತಿಗಣೆಯೋ ನುಸಿಯ ಸಣ್ಣ ಬಲೆಯೋ ಕಂಡರೆ ಮಾತ್ರ ಕೀಟದ ಮಾತು. ಒದ್ದೆ ಬಟ್ಟೆಯಿಂದ ಒರೆಸಿ. ಗಿಡವನ್ನು ಹೊರಗಿಟ್ಟು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಹೊಲದ ಔಷಧಿ ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಕಡು ವಿಷದ ಗುರುತು; ಹಳದಿಯೂ ಸಣ್ಣ ವಿಷವಲ್ಲ. ಬಯಲಲ್ಲಿ ಹೊಡೆಯುವಾಗಲೇ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕಾದದ್ದನ್ನು ಕೂಸು ಅಂಬೆಗಾಲಿಡುವ ಪಡಸಾಲೆಯಲ್ಲಿ ಹೊಡೆಯುವುದು ಯಾವ ಚೆಂದಕ್ಕೆ?

ಅಂಗಡಿಯವರಿಗೂ ಇದರಲ್ಲಿ ಹೊಣೆಯಿದೆ. ಕುಂಡದ ಗಿಡಕ್ಕೆ ಎಂದು ಕೇಳಿದವರ ಕೈಗೆ ಹೊಲದ ವಿಷ ಕೊಡಬಾರದು. ಗಿಡ ಮಾರುವವರು ಎಷ್ಟು ನೀರು, ಎಂಥ ಮಣ್ಣು ಎಂದು ಎರಡು ಮಾತು ಹೇಳಿ ಕಳಿಸಬೇಕು. ಇಷ್ಟಾದರೂ ಗಿಡ ಚೇತರಿಸದಿದ್ದರೆ ಬಾಡಿದ ಎಲೆ, ಹಿಡಿ ಮಣ್ಣು ಕಟ್ಟಿಕೊಂಡು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗೋ ಹೋಗಿ ಕೇಳಿ.