ಒಂದು ಕೊಲೆ, ಏಳು ಹೇಳಿಕೆ

ಜಪಾನಿನ ರ್‍ಯುನೊಸುಕೆ ಅಕುತಗಾವ 1922ರಲ್ಲಿ ‘ಪೊದೆಯೊಳಗೆ’ ಎಂಬರ್ಥದ ಹೆಸರಿನ ಸಣ್ಣಕಥೆ ಪ್ರಕಟಿಸಿದರು. ಅಕಿರ ಕುರೊಸಾವರ ‘ರಾಶೊಮೊನ್’ (1950) ಚಿತ್ರಕ್ಕೆ ಇದೇ ಮುಖ್ಯ ಆಧಾರ. ಬಿದಿರು ಮೆಳೆಯಲ್ಲಿ ಸಮುರಾಯ್ ಯೋಧನ ಹೆಣ ಬಿದ್ದಿದೆ. ಏಳು ಮಂದಿಯ ಹೇಳಿಕೆಗಳೇ ಇಡೀ ಕಥೆ.

ಕೊಲೆಯಾದಾಗ ಎಲ್ಲರೂ ‘ನಾನಲ್ಲ’ ಎನ್ನುವುದು ವಾಡಿಕೆ. ಇಲ್ಲಿ ಮೂವರು ‘ನಾನೇ’ ಎನ್ನುತ್ತಾರೆ! ಕತ್ತಿಕಾಳಗದಲ್ಲಿ ಗೆದ್ದು ಕೊಂದೆನೆಂದು ಡಕಾಯಿತ ಜಂಬ ಕೊಚ್ಚುತ್ತಾನೆ. ಗಂಡನ ತಿರಸ್ಕಾರದ ನೋಟ ತಾಳಲಾರದೆ ಚೂರಿಯಿಂದ ಇರಿದೆನೆಂದು ಹೆಂಡತಿ ಅಳುತ್ತಾಳೆ. ಸತ್ತವನ ಆತ್ಮವೋ, ಮೈದುಂಬಿದವಳ ಬಾಯಿಂದ, ತಾನೇ ಇರಿದುಕೊಂಡೆ ಎನ್ನುತ್ತದೆ. ಮೂವರಿಗೂ ಜೀವಕ್ಕಿಂತ ಮಾನ ದೊಡ್ಡದು.

ಓದುವಾಗ ಹಾಳೆಯ ಮೇಲೆ ಎರಡು ಕಲಂ ಹಾಕಿಕೊಳ್ಳಿ: ಕಂಡದ್ದು, ಊಹಿಸಿದ್ದು. ಮರ ಕಡಿಯುವವನು ಕಂಡ ಎದೆಯ ಗಾಯ, ಹಗ್ಗ, ಬಾಚಣಿಗೆ, ತುಳಿದ ಹುಲ್ಲು ಮೊದಲನೆಯದಕ್ಕೆ. ಸತ್ತವನು ಜೋರಾಗಿ ಹೋರಾಡಿರಬೇಕು ಎಂಬ ಅವನ ಮಾತು ಎರಡನೆಯದಕ್ಕೆ. ಪ್ರಾಮಾಣಿಕ ಸಾಕ್ಷಿಯೂ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ.

ಕೊಂದವರು ಯಾರೆಂದು ಅಕುತಗಾವ ಹೇಳುವುದಿಲ್ಲ. ಪುರಾವೆ ಸಾಲದಿದ್ದರೆ ‘ತಿಳಿಯದು’ ಎಂದು ಬರೆಯುವುದೂ ಸರಿಯುತ್ತರವೇ. ಒಂದು ಮಗುವಿನ ದೂರು ಕೇಳಿ ಇನ್ನೊಂದಕ್ಕೆ ಏಟು ಕೊಡುವ ಮುನ್ನ ದೊಡ್ಡವರೂ ಆ ಎರಡು ಕಲಂ ನೆನೆಯುವುದು ಒಳ್ಳೆಯದು. ಏಟು ಕೊಟ್ಟ ಮೇಲೆ ವಾಪಸು ಪಡೆಯಲಾಗದು.